ಬೆಂಚಿನ ಮೇಲಿನ ಕಂಚಿನ ಹೆಂಗಸು

ಮಂಗಳವಾರ, ೧೪

ಅಮ್ಮನ ಆ ಒಂದು ಮಾತು ಕಿವಿಯಿಂದ ಹೋಗುತ್ತಲೇ ಇಲ್ಲ.

ಊರಂಚಿನ ಟ್ರಾಮ್ ನಿಲ್ದಾಣದಲ್ಲಿ, ಕಲೆ ಅಂತ, ಬೆಂಚಿನ ಮೇಲೊಂದು ಕಂಚಿನ ಹೆಂಗಸನ್ನು ಕೂರಿಸಿದ್ದಾರೆ. ಅಮ್ಮ ಅದಕ್ಕೆ, "ಸ್ವಲ್ಪ ಸರೀರಿ, ನಾನೂ ಕೂರ್ತೀನಿ" ಅಂದಳು. ಅದು ಸರಿಯಲಿಲ್ಲ. "ಎಷ್ಟು ಜಂಬ ನೋಡೇ!" ಎಂದು ನನಗೆ ಹೇಳಿ ಮೂತಿ ತಿರುವಿದಳು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಕನ್ನಡಕ ಬದಲಿಸಬೇಕು ಅಂದುಕೊಂಡೆ, ಅಷ್ಟೇ.

ಟ್ರಾಮ್ ಬಂತು. ಕೈ ಹಿಡಿದು ಹತ್ತಿಸಿ ಪಕ್ಕದಲ್ಲೇ ಕೂತೆ. ಅಮ್ಮ ನನ್ನ ಮುಖವನ್ನೇ ನೋಡಿ, ಕಂಚಿನವಳಿಗೆ ಕೊಟ್ಟ ಅದೇ ಮರ್ಯಾದೆಯಲ್ಲಿ ಕೇಳಿದಳು: "ನೀವು ಎಲ್ಲಿ ಇಳೀತೀರಿ?"

ಹುಟ್ಟಿದಾಗಿನಿಂದ ನಾನು ಅವಳಿಗೆ "ನೀನು", ಸಿಟ್ಟು ಬಂದರೆ "ಕತ್ತೆ".

ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಬೆಳಿಗ್ಗೆ ಎಬ್ಬಿಸಲು ಭಯ. ದೇವರೇ, ಕಣ್ಣು ಬಿಟ್ಟ ಕೂಡಲೇ "ಹೋಗೇ ಕತ್ತೆ" ಅಂತ ಬೈದುಬಿಟ್ಟರೆ ಸಾಕು.