ಕೈ ಎಟಕದವರ ತರಗತಿ

ಮಾರ್ಚ್ 11, ಮಂಗಳವಾರ

ನಾನು ಹಾಗೆ ನಗಬಾರದಿತ್ತು. ಬೆಳಗಿನಿಂದ ಅದೇ ಕೊರೀತಿದೆ.

ಟ್ರಾಂಬೋನ್ ಅನ್ನೋ ಉದ್ದನೆಯ ಹಿತ್ತಾಳೆ ವಾದ್ಯ ಊದೋ ನಮ್ಮ ಬಳಗದ ಸುದ್ದಿಪತ್ರದಲ್ಲಿ ಈ ತಿಂಗಳು ನಾನೇ ಹಾಕಿದ್ದೆ: 'ಸ್ಲೈಡನ್ನು (ಹಿಂದೆ ಮುಂದೆ ಜಾರಿಸುವ ಕೊಳವೆಯನ್ನು) ಪೂರ್ತಿ ಚಾಚಲು ಕೈ ಎಟಕದ ಮಕ್ಕಳಿಗೆ ಭಾನುವಾರ ವಿಶೇಷ ತರಗತಿ.' ಮೊದಲು ಬಂದ ಹೆಸರೇ ಮೇಷ್ಟ್ರದ್ದು. ನನಗೆ ಊದೋದು ಕಲಿಸಿದವರು, ಈಗ ಎಪ್ಪತ್ತಾರು. ತಮಾಷೆ ಅಂದ್ಕೊಂಡು ಫೋನ್ ಮಾಡಿ ಬಿದ್ದು ಬಿದ್ದು ನಕ್ಕೆ. ನನ್ನ ನಗು ಮುಗಿದ ಮೇಲೆ ಅವರು ಹೇಳಿದರು:

"ಭುಜ ಹಿಡ್ಕೊಂಡುಬಿಟ್ಟಿದೆ ಕಣಮ್ಮ. ಕೊನೇ ಸ್ವರಕ್ಕೆ ಕೈ ಹೋಗ್ತಿಲ್ಲ. ಮನೇಲಿ ಸ್ಲೈಡಿಗೆ ದಾರ ಕಟ್ಕೊಂಡು ನೋಡಿದೆ, ಒಬ್ಬನೇ ಇದ್ದೆ ನೋಡು, ಅಳು ಬಂತು. ಮಕ್ಕಳ ಮಧ್ಯೆ ಆದ್ರೆ ಅಷ್ಟು ಬೇಜಾರಾಗಲ್ಲ."

ದಾರ! ನನಗೆ ಒಂಬತ್ತು ವರ್ಷವಿದ್ದಾಗ ತಮ್ಮ ಶೂ ಲೇಸನ್ನೇ ಬಿಚ್ಚಿ ನನ್ನ ಸ್ಲೈಡಿಗೆ ಕಟ್ಟಿದ್ದರು. "ಧೈರ್ಯವಾಗಿ ತಳ್ಳು, ದಾರ ಎಳೆದ್ರೆ ವಾಪಸ್ ಬರುತ್ತೆ" ಅಂದಿದ್ದರು. ಆ ಸಂಜೆ ಒಂದು ಶೂ ಲೊಟಪಟ ಅನ್ನಿಸ್ಕೊಂಡೇ ಮನೆಗೆ ನಡೆದುಹೋದರು. ನಾನು ಅದಕ್ಕೂ ನಕ್ಕಿದ್ದೆ.

ಪ್ರಕಟಣೆಯಲ್ಲಿ 'ಮಕ್ಕಳಿಗೆ' ಅನ್ನೋದನ್ನ ಹೊಡೆದುಹಾಕಿ 'ಎಲ್ಲರಿಗೂ' ಅಂತ ತಿದ್ದಿದೆ. ಕ್ಷಮೆ ಕೇಳೋಕೆ ಮತ್ತೆ ಫೋನ್ ಮಾಡೋಣ ಅಂದ್ರೆ ಬಾಯಿ ಬರ್ತಿಲ್ಲ.

ಭಾನುವಾರ ಚಪ್ಪಲಿ ಬೇಡ. ಲೇಸಿರೋ ಶೂ ಹಾಕ್ಕೊಂಡು ಹೋಗ್ಬೇಕು.