ನಮ್ಮ ಕಡೆ ಯಾರಿಗೂ ಇಲ್ಲ

ಫೆ. 12, 2024, ಸೋಮವಾರ

ನಿನ್ನೆ, ಮಿರ್ಲೆಯ ಮನೆಯಲ್ಲಿ, ನೆಂಟರೆಲ್ಲರ ಮುಂದೆ ಅಣ್ಣ ಸುಳ್ಳು ಹೇಳಿದ. ಅವನ ಮಗಳು ಮಧುಶ್ರೀಯ ಮದುವೆ ಮಾತುಕತೆ. ತನಗೆ ಪಿಸಿಓಎಸ್ — ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ — ಇದೆ ಎಂದು ಮಧು ಗಂಡಿನ ಕಡೆಯವರಿಗೆ ಮೊದಲೇ ಹೇಳಿದ್ದಳು. ಗಂಡಿನ ಅಪ್ಪ ಸಿದ್ದಯ್ಯ ಎಲೆಯಡಿಕೆ ತಟ್ಟೆ ಸರಿಸಿದರು.

"ವಂಶದಲ್ಲಿ ಬತ್ತದಂತೆ ಕಣಪ್ಪ ಶಶಿ. ಯಾರ ಕಡೇದು?"

ಅಣ್ಣ ಟೋಪಿ ಸರಿಮಾಡಿಕೊಂಡ. "ನಮ್ ಕಡೆ ಯಾರ್ಗೂ ಇಲ್ಲ ಕಣ್ರೀ. ಇವಳ ತವರು ಕಡೇದು."

ಅತ್ತಿಗೆ ಕಾಫಿ ಲೋಟ ಹಿಡಿದು ನಿಂತಿದ್ದರು. ನಾನು ಅವನ ಎದುರಿಗೇ ಕುಳಿತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಬಂದವರು ಎದ್ದು ಹೊರಟರು.

ಫೆ. 13

ಅತ್ತಿಗೆ ಕಂಪಲಾಪುರದ ತವರಿಗೆ ಹೋದರು. ಫೋನ್ ಮಾಡಿದೆ. "ನಿಮ್ಮಣ್ಣ ಎಲ್ರ ಮುಂದೆ ಅಂದದ್ನ ಎಲ್ರ ಮುಂದೇ ವಾಪಸ್ ತಗೊಳ್ಳಲಿ ಪದ್ಮ. ಆಮೇಲೆ ಬತ್ತೀನಿ."

1991 ಮರೆತಿಲ್ಲ. ನನ್ನನ್ನು ನೋಡಲು ಬಂದಿದ್ದರು. ನನಗೂ ಮುಟ್ಟು ವರ್ಷಕ್ಕೆ ಮೂರೋ ನಾಲ್ಕೋ ಸಲ, ಗಲ್ಲದ ಮೇಲೆ ಕೂದಲು. ಆಗ ಅಪ್ಪ, ಅಮ್ಮನನ್ನು ತೋರಿಸಿ, ಹೇಳಿದ್ದೂ ಇದೇ ಮಾತು. ಅಣ್ಣ ಪಕ್ಕದಲ್ಲಿದ್ದ. ಅಷ್ಟು ಚಿಕ್ಕ ವಯಸ್ಸಿಗೇ ತಲೆ ಬೋಳು — ಅಪ್ಪನ ಹಾಗೆ, ತಾತನ ಹಾಗೆ. ಅದು ಮಾತ್ರ ಮನೆತನದ ಲಕ್ಷಣ. ಅದೃಷ್ಟ ಅಂತೆ.

ಫೆ. 24

ಮಧು ಜೊತೆ ಹುಣಸೂರಿನ ಲೇಡಿ ಡಾಕ್ಟರ್ ಹತ್ತಿರ. ಇದು ಯಾರ ಕಡೆಯಿಂದ ಬರುತ್ತದೆಂದು ಓದಿದ್ದೆ, ಆದರೂ ಅವರನ್ನೇ ಕೇಳಬೇಕಿತ್ತು.

"ಅಪ್ಪನ ಕಡೆಯಿಂದಲೂ ಬರಬಹುದು ಮೇಡಂ. ಒಂದೇ ಜೀನ್ ಅಲ್ಲ, ಹಲವು. ಕೆಲವು ಮನೆಗಳ ಗಂಡಸರಿಗೆ ಬೇಗ ಕೂದಲು ಉದುರುತ್ತೆ, ಶುಗರ್ ಬರುತ್ತೆ. ಹಾಗಂತ ಬೋಳುತಲೆಯೇ ಸಾಕ್ಷಿ ಅನ್ನೋಕಾಗಲ್ಲ." ಚಿಕಿತ್ಸೆ ಪಡೆದು ಮಕ್ಕಳಾದವರು ಬೇಕಾದಷ್ಟು ಜನ ಇದ್ದಾರಂತೆ.

ಬಸ್ಸಿನಲ್ಲಿ ಮಧು — "ಅತ್ತೆ, ಅಪ್ಪನ ತಲೆ ಅದೃಷ್ಟ, ನನ್ ಗಲ್ಲ ಕಾಯಿಲೆನಾ?"

ಇಬ್ಬರಿಗೂ ನಗು. ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ.

ಮಾ. 2

ಡಾಕ್ಟರ್ ಹೇಳಿದ್ದನ್ನೂ ಅತ್ತಿಗೆ ಕೇಳಿದ್ದನ್ನೂ ಅಣ್ಣನಿಗೆ ಹೇಳಿದೆ. "ಬುಡು ಪದ್ಮ. ಹಳೇದ್ನೆಲ್ಲ ಯಾಕೆ ಕೆದಕ್ತೀಯ?"

ಹಳೆಯದಂತೆ. ಅತ್ತಿಗೆ ಇನ್ನೂ ಕಂಪಲಾಪುರದಲ್ಲಿದ್ದಾರೆ.

ಮಾ. 10, ಭಾನುವಾರ, ಸಂಜೆ

ಅಪ್ಪನ ತಿಥಿ. ಅದೇ ನೆಂಟರು, ಅದೇ ಹಜಾರ. ಸಿದ್ದಯ್ಯನವರೂ ಊಟಕ್ಕೆ ಬಂದಿದ್ದರು. ಮಧು ಬಡಿಸುತ್ತಾ ನನ್ನ ಕಿವಿಯಲ್ಲಿ, "ಅವರ ಸಂಬಂಧ ಬೇಡ ಅತ್ತೆ. ಅಮ್ಮ ಬೇಕು."

ನಾನು ಕರೆದಿದ್ದಕ್ಕೆ ಅತ್ತಿಗೆ ಬಂದಿದ್ದರು. ಆಟೋ ಇಳಿದು ಬೀದಿಯಲ್ಲೇ ನಿಂತರು. ಹೊಸ್ತಿಲು ದಾಟಲಿಲ್ಲ.

ಎಲೆ ಬಿಟ್ಟು ಎದ್ದೆ. ನನ್ನ ದನಿ ಬೀದಿಗೆ ಕೇಳಬೇಕಿತ್ತು.

"ನಮ್ಮ ಕಡೆ ಯಾರಿಗೂ ಇಲ್ಲ ಅಂದೆಯಲ್ಲ ಅಣ್ಣ. ಟೋಪಿ ತೆಗಿ. ತೆಗೆದು ಇವರೆಲ್ಲರ ಮುಂದೆ ಹೇಳು — ನಾನು ಯಾರ ಕಡೆಯವಳು?"