ಏನೂ ಸೇವ್ ಮಾಡಬಾರದು

೧೦ ನವೆಂಬರ್ ೨೦೨೫, ಸೋಮವಾರ

ಬಿಪಿ ಗುಳಿಗೆ ಆಯಿತು. ಕೆರೆಯ ದಂಡೆಯವರೆಗೆ ವಾಕಿಂಗ್ ಆಯಿತು. ಕಡಲೆ ಗೇಣುದ್ದ ಎದ್ದಿದೆ. ಬರುವಾಗ ಎಂದಿನಂತೆ ಮಶಾಕಸಾಬನ ಮನೆಯ ಮುಂದೆ ನಿಂತೆ. ಎಂದಿನಂತೆ ಅವನ ಹೆಂಡತಿ ಮಲಿಕಾಬಿ ವೈನಿ ಹೊರಗೆ ಬಂದು, “ಮಲಗ್ಯಾರ್ರಿ ಮಾಸ್ತರ” ಎಂದರು.

ಬೆಳಿಗ್ಗೆ ಎಂಟಕ್ಕೆ ಮಲಗುವ ಮನುಷ್ಯನೇ ಅವನು? ಮೂವತ್ತು ವರ್ಷ ನನ್ನ ಜೊತೆ ಒಂದೇ ಹೈಸ್ಕೂಲಿನಲ್ಲಿದ್ದ ಡ್ರಿಲ್ ಮಾಸ್ತರ. ಸೂರ್ಯನಿಗಿಂತ ಮೊದಲು ಮೈದಾನದಲ್ಲಿ ಸೀಟಿ ಊದುತ್ತಿದ್ದವನು. ಲಕ್ವಾ ಹೊಡೆದು ನಾಲ್ಕು ತಿಂಗಳಾಯಿತು. ಬಲಗೈ ಹೋಯಿತು, ಮಾತು ಹೋಯಿತು. ಕಾಲು ಸುಧಾರಿಸಿದೆ. ಓಡಾಡಲಿ ಎಂದು ಡಾಕ್ಟರು ಹೇಳಿ ಹೇಳಿ ಸುಸ್ತಾಗಿದ್ದಾರೆ. ಆದರೆ ಬಾಯಿ ಒಂದು ಮಗ್ಗುಲಿಗೆ ಸೊಟ್ಟಾಗಿದೆ, ಆ ಮುಖವನ್ನು ಊರು ನೋಡಬಾರದಂತೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗಿನ ಕೋಣೆಯಲ್ಲೇ ಇರುತ್ತಾನೆ. ಹೊಸ್ತಿಲು ದಾಟಿಲ್ಲ.

ಊರು ಹಾಳಾಗಲಿ, ನಾನೂ ನೋಡಬಾರದೇ? ಸಿಟ್ಟು ಬಂತು. ಮನೆಗೆ ಬಂದು ಹೆಂಡತಿ ರೇಣುಕವ್ವನ ಮೇಲೆ ಸುಮ್ಮನೆ ಹರಿಹಾಯ್ದೆ.

ಸಂಜೆ ೬ — ಮಗಳು ಐಶ್ವರ್ಯ ಅಣ್ಣಿಗೇರಿ ಕಾಲೇಜಿನಿಂದ ಬಂದಳು. ಅಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಚಪ್ಪಲಿ ಬಿಡುವ ಮೊದಲೇ, “ಅಪ್ಪಾ, ನಿಮ್ಮ ಐರನ್ ರಿಜ್ ಮತ್ತ ಬಂದೈತ್ರಿ!”

ಇಪ್ಪತ್ತಾರು ವರ್ಷದ ಹಿಂದಿನ ನಮ್ಮ ಕಂಪ್ಯೂಟರ್ ಆಟ. ಅದೇ ಕಂಪನಿಯವರು ಹೊಸ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿದ್ದಾರಂತೆ. ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ.

೧೧ ನವೆಂಬರ್

ಟ್ರಂಕಿನ ತಳದಲ್ಲಿ ನೋಟ್‌ಬುಕ್ ಸಿಕ್ಕಿತು. ಗ್ರಾಫ್ ಹಾಳೆಯದು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು — ಶಿದ್ಲಿಂಗಪ್ಪ, ಗಣಿತ ಶಿಕ್ಷಕರು. ಒಳಗೆ ಎಲ್ಲ ಹೆಜ್ಜೆಗಳೂ ಇವೆ. ಯಾವ ಸಿಪಾಯಿ, ಯಾವ ಚೌಕದಿಂದ, ಯಾವ ಚೌಕಕ್ಕೆ.

ಆಟ ಸರಳ. ನಮ್ಮ ಎಂಟು ಸಿಪಾಯಿಗಳು, ಎದುರಿಗೆ ಶತ್ರುಗಳು, ನೆಲವೆಲ್ಲ ಚೌಕಗಳು. ನಮ್ಮ ಪಾಳಿಯಲ್ಲಿ ನಾವು ಎಂಟೂ ಜನರನ್ನು ನಡೆಸಬೇಕು. ಆಮೇಲೆ ಶತ್ರುವಿನ ಪಾಳಿ. ಎಷ್ಟು ಹೊತ್ತು ಯೋಚಿಸಿದರೂ ಕಂಪ್ಯೂಟರ್ ಕಾಯುತ್ತದೆ, ಅವಸರ ಮಾಡುವುದಿಲ್ಲ. ಒಟ್ಟು ಏಳು ಕಾಳಗ. ೧೯೯೯ರಲ್ಲಿ ಶಾಲೆಗೆ ಬಂದ ಒಂದೇ ಒಂದು ಕಂಪ್ಯೂಟರಿನಲ್ಲಿ ಅದು ಹೇಗೋ ಇತ್ತು. ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ನಾನು, ಮಶಾಕ. ಒಂದು ಪಾಳಿ ನನ್ನದು, ಒಂದು ಅವನದು. ತನ್ನದು ಮುಗಿದೊಡನೆ ಸೀಟಿಯಿಂದ ಮೇಜಿಗೆ ಎರಡು ಸಲ ಬಡಿದು, “ಪಾಳಿ ನಿಂದು” ಎನ್ನುತ್ತಿದ್ದ.

ಸಿಪಾಯಿಗಳಿಗೆ ನಮ್ಮ ಸ್ಟಾಫಿನ ಹೆಸರು. ದೊಡ್ಡ ಬಂದೂಕು ಹೊತ್ತು ಕುಂಟುತ್ತ ನಡೆಯುವವನು ಹೆಡ್‌ಮಾಸ್ತರ. ಎಲ್ಲರಿಗಿಂತ ಜೋರಾಗಿ ಓಡುವವನು ಜವಾನ ಹೊಳೆಯಪ್ಪ. ಒಂದು ಶನಿವಾರ ಖರೇ ಹೊಳೆಯಪ್ಪ ಚಹಾ ತಂದ ಹೊತ್ತಿಗೇ ಪರದೆಯ ಮೇಲಿನ ಹೊಳೆಯಪ್ಪ ಗುಂಡು ತಿಂದು ಬಿದ್ದ. ಹೆಸರು ಕೆಂಪಾಯಿತು. ಅವನ ಮುಖ ನೋಡಬೇಕಿತ್ತು. “ನನ್ನ ಹೆಸರಿಟ್ಟು ನನ್ನ ಕೊಲ್ಲಸ್ತೀರೇನ್ರಿ ಸರ? ಮನ್ಯಾಗ ಸಣ್ಣ ಸಣ್ಣ ಮಕ್ಳ ಅದಾವ್ರಿ!” ಎರಡು ವಾರ ಕೋಣೆಯ ಕೀಲಿ ಕೊಡಲಿಲ್ಲ. ಅವತ್ತು ಮಶಾಕ ನಿಯಮ ಮಾಡಿದ: ನಮ್ಮವರು ಒಬ್ಬರೂ ಸಾಯಬಾರದು. ಸತ್ತರೆ ಮೊದಲಿನಿಂದ.

ಹೊಳೆಯಪ್ಪ ತೀರಿಕೊಂಡು ಆರು ವರ್ಷ. ಮೈಯಲ್ಲಿ ಸಕ್ಕರೆ ಇತ್ತು.

೧೫ ನವೆಂಬರ್, ಶನಿವಾರ

ಐಶ್ವರ್ಯ ತನ್ನ ಲ್ಯಾಪ್‌ಟಾಪಿನಲ್ಲಿ ಆಟ ಹಾಕಿಕೊಟ್ಟಳು. ಮೊದಲನೆಯ ಕಾಳಗ ನೋಟ್‌ಬುಕ್ ತೆರೆಯದೆಯೇ ಗೆದ್ದೆ. ಕೈಗೆ ನೆನಪಿದೆ! ಅಷ್ಟರಲ್ಲಿ ಇವಳು ಹಿಂದಿನಿಂದ ಬಾಗಿ —

“ಇಲ್ಲಿ ಸೇವ್ ಮಾಡ್ರಿ ಅಪ್ಪಾ. ನಾಳೆ ಇಲ್ಲಿಂದನ ಮುಂದ ಆಡಬಹುದು.”

“ಇದು ಹೊಸಾದೇನು?”

“ಇಲ್ರಿ, ಹಳೇದ್ರಾಗೂ ಇತ್ತು. ಮತ್ತ ನೀವು ಹೆಂಗ ಆಡತಿದ್ರಿ?”

“ಹೆಂಗಂದ್ರ? ಪ್ರತಿ ಶನಿವಾರ ಮೊದಲಿಂದ.”

“ನಾಕು ವರ್ಷ?”

ಹೌದು, ನಾಲ್ಕು ವರ್ಷ. ಕಂಪ್ಯೂಟರಿನ ಮೇಲೆ ಹೆಡ್‌ಮಾಸ್ತರರು ಸಹಿ, ಸಿಕ್ಕಾ ಸಮೇತ ಚೀಟಿ ಅಂಟಿಸಿದ್ದರು: ‘ಇದರಲ್ಲಿ ಯಾರೂ ಏನೂ ಸೇವ್ ಮಾಡಬಾರದು.’ ಡಬ್ಬಿ ತುಂಬಿ ಕೆಟ್ಟುಹೋಗುತ್ತದೆ ಎಂಬ ಭಯ ಅವರಿಗೆ. ಆಟ ಆಡಬಾರದು ಎಂದು ಬರೆದಿರಲಿಲ್ಲ. ಸೇವ್ ಮಾಡಬಾರದು ಎಂದು ಬರೆದಿತ್ತು. ನಾವು ಸರಕಾರಿ ನೌಕರರು. ಬರೆದದ್ದನ್ನು ಪಾಲಿಸಿದೆವು.

ಐಶ್ವರ್ಯ ಗೋಡೆ ಹಿಡಿದುಕೊಂಡು ನಕ್ಕಳು. ಒಳಗಿನಿಂದ ರೇಣುಕವ್ವ — “ಅದಕ್ಕ ಶನಿವಾರ ಉಣ್ಣಾಕ ಐದಕ್ಕ ಬರತಿದ್ರಿ ನೋಡ್ರಿ! ಮೀಟಿಂಗ್ ಐತಿ, ಮೀಟಿಂಗ್ ಐತಿ ಅಂತ!”

ಬಹಳ ಅವಮಾನವಾಯಿತು. ಊಟ ಬೇಡ ಎಂದೆ. ಆಮೇಲೆ ಉಂಡೆ.

೧೬ ನವೆಂಬರ್

ಗುಟ್ಟು ಇವತ್ತು ಹೊರಬಿತ್ತು. ಹೊಸ ಆಟದಲ್ಲಿ ಒಂದು ಕಠಿಣ ದಾರಿ ಇಟ್ಟಿದ್ದಾರಂತೆ. ಅದರಲ್ಲಿ ಸೇವ್ ಇಲ್ಲ. ಏಳೂ ಕಾಳಗ ಒಂದೇ ಸಲ ಕೂತು ಮುಗಿಸಬೇಕು. ಒಬ್ಬ ಸಿಪಾಯಿ ಸತ್ತರೂ ಮುಗಿಯಿತು. ಗೆದ್ದವರಿಗೆ ಬಂಗಾರದ ಬಣ್ಣದ ಪದಕ. ಆಡಿದವರಲ್ಲಿ ಸಾವಿರಕ್ಕೆ ನಾಲ್ಕು ಜನ ಮಾತ್ರ ಗೆದ್ದಿದ್ದಾರೆ ಎಂದು ಐಶ್ವರ್ಯ ಓದಿ ಹೇಳಿದಳು.

ಕುರ್ಚಿಯಿಂದ ಎದ್ದು ನಿಂತೆ. ಲೋಕದವರು ಈಗ ಎದೆ ಉಬ್ಬಿಸಿಕೊಂಡು ಆಡುವ ಆಟವನ್ನು ಶಲವಡಿಯ ಇಬ್ಬರು ಮಾಸ್ತರರು ಬೇರೆ ದಾರಿ ಗೊತ್ತಿಲ್ಲದೆ ನಾಲ್ಕು ವರ್ಷ ಆಡಿದ್ದರು! ಪದಕ ಇಲ್ಲದೆ!

ಏಳನೆಯದನ್ನು ಮಾತ್ರ ಗೆದ್ದಿಲ್ಲ. ಅಲ್ಲಿಗೆ ಮುಟ್ಟಿದ್ದೇ ಒಂದು ಸಲ, ೨೦೦೩ರಲ್ಲಿ. ಕರೆಂಟ್ ಹೋಯಿತು. ಮುಂದಿನ ವಾರ ಕಂಪ್ಯೂಟರೇ ಹೋಯಿತು. ನೋಟ್‌ಬುಕ್ಕಿನ ಕೊನೆಯ ಹಾಳೆ ಅರ್ಧ ಖಾಲಿ.

ಮಶಾಕ ಬೇಕು. ಅವನಿಲ್ಲದೆ ಈ ಪದಕ ನನಗೆ ಬೇಡ.

೧೮ ನವೆಂಬರ್

ವೈನಿ “ಮಲಗ್ಯಾರ್ರಿ” ಎನ್ನುವುದರೊಳಗೆ ಬಾಜುವಿನಿಂದ ನುಗ್ಗಿಬಿಟ್ಟೆ. ಮಶಾಕ ಹಾಸಿಗೆಯಲ್ಲಿ. ನನ್ನನ್ನು ಕಂಡದ್ದೇ ಟವೆಲ್ ಎಳೆದುಕೊಂಡು ಗೋಡೆಗೆ ಮುಖ. ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಟ ಹಚ್ಚಿದೆ. ಅದೇ ಹಳೆಯ ಡೋಲಿನ ಸದ್ದು. ಅವನ ಭುಜ ಅಲುಗಿತು.

ಬೇಕಂತಲೇ ತಪ್ಪು ಆಡಿದೆ. “ಹೊಳೆಯಪ್ಪನ್ನ ಬಯಲಿಗೆ ಕಳಸಾಕತ್ತೀನಿ ನೋಡ್ಲೇ” ಎಂದೆ.

ಎಡಗೈ ಬಂತು. ನನ್ನ ಮಣಿಕಟ್ಟು ಹಿಡಿಯಿತು. ಅಬ್ಬಾ, ಏನು ಹಿಡಿತ! ಟವೆಲ್ ಜಾರಿತ್ತು. ಸೊಟ್ಟ ಬಾಯಿ, ಕಣ್ಣು ಮಾತ್ರ ಅಗದಿ ಅವೇ — ಸಾಲು ತಪ್ಪಿದ ಮಕ್ಕಳನ್ನು ನೋಡುತ್ತಿದ್ದ ಕಣ್ಣು. ಎಡಗೈಯಿಂದಲೇ ಹೊಳೆಯಪ್ಪನನ್ನು ಕಲ್ಲಿನ ಮರೆಗೆ ಸರಿಸಿದ. ಬೆರಳಿನಿಂದ ಸ್ಟೂಲಿಗೆ ಎರಡು ಸಲ ಬಡಿದ.

ನನ್ನ ಪಾಳಿ. ಕಣ್ಣು ಮಂಜಾಗಿ ಚೌಕಗಳೇ ಕಾಣಲಿಲ್ಲ.

೨೪ ನವೆಂಬರ್

ದಿನಾ ಹತ್ತರಿಂದ ಹನ್ನೆರಡು, ಅವನ ಕೋಣೆಯಲ್ಲಿ. ಸದ್ಯ ರೂಢಿಗೆ, ಸಾದಾ ಆಟ. ಐದನೆಯದು ದಾಟಿದೆವು. ವೈನಿ ಹುರಿದ ಶೇಂಗಾ ಸುಲಿದು ಕೊಡುತ್ತಾರೆ. ನನ್ನ ಮುಂದೆ ಈಗ ಟವೆಲ್ ಸುತ್ತಿಕೊಳ್ಳುವುದಿಲ್ಲ. ಅಂಗಳಕ್ಕೆ ಬಾ ಎಂದರೆ ಮಾತ್ರ ಕಣ್ಣು ಮುಚ್ಚುತ್ತಾನೆ.

೨೯ ನವೆಂಬರ್, ಶನಿವಾರ

ಏಳನೆಯ ಕಾಳಗ. ಎಂಟೂ ಜನ ಸೇತುವೆ ದಾಟಬೇಕು, ದಾಟಿದ ಮೇಲೆ ಸೇತುವೆ ಹಾರಿಸಬೇಕು, ಹನ್ನೆರಡು ಪಾಳಿಯೊಳಗೆ. ನನ್ನ ಲೆಕ್ಕ ಏನೆಂದರೆ, ಹೆಡ್‌ಮಾಸ್ತರನ ದೊಡ್ಡ ಬಂದೂಕು ಹಿಂದೆ ನಿಂತು ಶತ್ರುವನ್ನು ತಡೆಯಬೇಕು, ಉಳಿದವರು ದಾಟಬೇಕು, ಕೊನೆಗೆ ಅವನು. ಮಶಾಕ ಏನು ಮಾಡಿದ? ಹೆಡ್‌ಮಾಸ್ತರನನ್ನೇ ಮೊದಲು ಸೇತುವೆಗೆ ಹತ್ತಿಸಿದ! ನಾನು ಬೇಡ ಎಂದೆ. ಅವನು ತಲೆ ಅಲ್ಲಾಡಿಸಿದ. ನಾನು ಕೂಗಿದೆ.

“ಲೇ, ಗಣಿತ ನಂದೋ ನಿಂದೋ? ಬುಕ್ಕಿನ್ಯಾಗ ಇದ್ದಂಗ ನಡೀಲಿ!”

ಅವನ ಕೈಯಿಂದ ಮೌಸ್ ಕಸಿದುಕೊಂಡು ನನ್ನಂತೆ ಆಡಿದೆ. ಹೆಡ್‌ಮಾಸ್ತರ ಈಚೆ ದಂಡೆಯಲ್ಲೇ ಉಳಿದು ಸತ್ತ. ತಿರುಗಿ ನೋಡಿದರೆ ಮಶಾಕ ಟವೆಲ್ ಎಳೆದುಕೊಂಡು ಗೋಡೆಗೆ ಮುಖ ಮಾಡಿದ್ದ.

ಅವನಿಗೆ ವಾದಿಸಲು ಬಾಯಿಲ್ಲ. ಇದ್ದದ್ದು ಒಂದು ಕೈ. ಅದರಿಂದ ಕಸಿದುಕೊಂಡೆ.

೩ ಡಿಸೆಂಬರ್

ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ.

೧೦ ಡಿಸೆಂಬರ್, ಬುಧವಾರ

ಮಲಿಕಾಬಿ ವೈನಿಯೇ ಬಂದರು. ಬಾಗಿಲಲ್ಲೇ ನಿಂತು ಬೈದರು.

“ಏನ್ರಿ ಮಾಸ್ತರ, ಇಬ್ಬರೂ ಅರವತ್ತು ದಾಟೀರಿ, ಸಿಟ್ಟು ಮಾತ್ರ ಸಣ್ಣ ಹುಡುಗರದು! ನೀವು ಬರೂದ ಬಿಟ್ಟಾಗಿಂದ ಇವರು ನೆಲಕ್ಕ ಕೂತಾರ. ಡಬ್ಬಿಯೊಳಗಿನ ಕಡ್ಲಿ ತಗದು ಫರಸಿ ಮ್ಯಾಲ ಇಡೂದು, ಸರಸೂದು, ಇಡೂದು, ಸರಸೂದು. ನನಗ ಕಸಾ ಹೊಡ್ಯಾಕ ಬಿಡವಲ್ರು. ತಲಿ ಕೆಟ್ಟೈತೇನೋ ಅಂತ ಅಂಜಿಕಿ ಬರಾಕತ್ತೈತ್ರಿ ನನಗ.”

ಚಪ್ಪಲಿ ಮೆಟ್ಟದೆ ಓಡಿದೆ.

ನೆಲದ ಶಹಾಬಾದ ಕಲ್ಲಿನ ಫರಸಿಗಳೇ ಚೌಕಗಳು. ಏಳು ಕಡಲೆ ಕಾಳು, ಒಂದು ಹುಣಸೆ ಬೀಜ. ಹುಣಸೆ ಬೀಜ ಹೆಡ್‌ಮಾಸ್ತರ, ಕೇಳಬೇಕಾಗಿರಲಿಲ್ಲ. ಮಶಾಕ ನನ್ನತ್ತ ನೋಡದೆ ಮೊದಲಿನಿಂದ ನಡೆಸಿ ತೋರಿಸಿದ. ನಿಧಾನದವನು ಎಲ್ಲರಿಗಿಂತ ಮೊದಲು ಸೇತುವೆ ದಾಟಿ, ಆಚೆ ದಂಡೆಯಲ್ಲಿ ಕುಳಿತು, ಅಲ್ಲಿಂದಲೇ ಬಂದೂಕು ಹಾರಿಸಿ ಉಳಿದವರನ್ನು ಕಾಯುತ್ತಾನೆ. ಕೊನೆಯವನು ಹೊಳೆಯಪ್ಪ. ಅವನು ಓಡಬಲ್ಲ.

ಆಗ ನೆನಪಾಯಿತು. ಮಕ್ಕಳನ್ನು ನಡೆಸಿಕೊಂಡು ಹೊರಸಂಚಾರ ಹೋಗುವಾಗ ಮಶಾಕ ಯಾವತ್ತೂ ಕುಂಟುವವರನ್ನು, ದಮ್ಮು ಹತ್ತುವವರನ್ನು ಸಾಲಿನ ತುದಿಗೆ ಹಾಕುತ್ತಿರಲಿಲ್ಲ, ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಿದ್ದ. ಕೇಳಿದ್ದಕ್ಕೆ ಹೇಳಿದ್ದ: “ಹಿಂದ ಹಾಕಿದ್ರ ಅವ ಉಳಕೊಂಡಿದ್ದು ಯಾರಿಗೂ ಗೊತ್ತಾಗೂದಿಲ್ಲೋ ಶಿದ್ಲಿಂಗ. ಮುಂದ ಹಾಕಿದ್ರ ಎಲ್ಲಾರೂ ಅವನ ಹೆಜ್ಜಿಗೆ ಹೆಜ್ಜಿ ಹಾಕ್ತಾರ.” ಮೂವತ್ತು ವರ್ಷದಲ್ಲಿ ಒಂದು ಮಗುವನ್ನೂ ದಾರಿಯಲ್ಲಿ ಬಿಟ್ಟು ಬಂದವನಲ್ಲ.

“ತಪ್ಪಾತಪಾ ಮಶಾಕ” ಎಂದೆ. ಜನ್ಮದಲ್ಲಿ ಯಾರಿಗೂ ಹೇಳಿರಲಿಲ್ಲ ಆ ಮಾತು. ಅವನು ಒಂದು ಕಡಲೆ ಎತ್ತಿ ನನ್ನ ಬಾಯಿಗೆ ಹಾಕಿದ.

೧೧ ಡಿಸೆಂಬರ್

ನಿಜ ಬರೆಯುತ್ತೇನೆ, ಇದನ್ನು ಯಾರೂ ಓದುವುದಿಲ್ಲ. ಇಪ್ಪತ್ತು ವರ್ಷ ಕಂಡ ಕಂಡವರಿಗೆ ‘ನನ್ನ ನೋಟ್‌ಬುಕ್, ನನ್ನ ಲೆಕ್ಕ’ ಎಂದು ಹೇಳಿಕೊಂಡೆ. ಅಕ್ಷರ ನನ್ನದು, ಅಷ್ಟೇ. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ನಾನೇ ಹಾಕಿದ ಲೆಕ್ಕ ಏಳನೆಯದು ಒಂದೇ. ಅದು ತಪ್ಪು.

ರಟ್ಟಿನ ಮೇಲಿನ ಹೆಸರು ಹೊಡೆದು ಹಾಕಿದೆ. ‘ಮಶಾಕಸಾಬ, ದೈಹಿಕ ಶಿಕ್ಷಕರು’ ಎಂದು ಬರೆದೆ. ಕೆಳಗೆ ಸಣ್ಣದಾಗಿ: ಬರೆದುಕೊಂಡವರು ಶಿದ್ಲಿಂಗಪ್ಪ.

೨೧ ಡಿಸೆಂಬರ್, ರವಿವಾರ. ಸಂಜೆ ೫

ಗೆದ್ದೆವು!!

ಒಂಬತ್ತಕ್ಕೆ ಕೂತೆವು. ಕಠಿಣ ದಾರಿ, ಸೇವ್ ಇಲ್ಲ. ಲ್ಯಾಪ್‌ಟಾಪಿನ ಮೇಲೆ ಐಶ್ವರ್ಯ ಚೇಷ್ಟೆಗೆ ಚೀಟಿ ಅಂಟಿಸಿದ್ದಳು — ‘ಯಾರೂ ಏನೂ ಸೇವ್ ಮಾಡಬಾರದು’. ಮಶಾಕ ಅದನ್ನು ಓದಿ ಗಂಟಲಲ್ಲೇ ನಕ್ಕ. ಆ ಸದ್ದು ಕೇಳಿ ಅಡುಗೆಮನೆಯಿಂದ ವೈನಿ ಓಡಿ ಬಂದರು.

ರೇಣುಕವ್ವ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಟ್ಟಿದ್ದಳು, ಮುಟ್ಟಲಿಲ್ಲ. ಎರಡೂವರೆಗೆ ಏಳನೆಯದಕ್ಕೆ ಬಂದೆವು. ಹೆಡ್‌ಮಾಸ್ತರ ಮುಂದೆ. ಒಂದು ಪಾಳಿಗೆ ಎರಡೇ ಚೌಕ ನಡೆಯುತ್ತಾನೆ ಪುಣ್ಯಾತ್ಮ, ಬೆನ್ನಿಗೆ ಕೈ ಕೊಟ್ಟು ನೂಕೋಣ ಅನ್ನಿಸಿತು. ಬಾಯಿ ಬಿಗಿ ಹಿಡಿದು ಕೂತೆ. ಹತ್ತನೆಯ ಪಾಳಿಗೆ ಏಳು ಜನ ಆಚೆ. ಹೊಳೆಯಪ್ಪ ಒಬ್ಬನೇ ಈಚೆ, ಹಿಂದೆ ಮೂವರು ಶತ್ರುಗಳು. ಹನ್ನೊಂದು ನನ್ನ ಪಾಳಿ, ಅವನನ್ನು ಸೇತುವೆಯ ನಡುಮಧ್ಯಕ್ಕೆ ತಂದೆ. ಶತ್ರುಗಳು ಬಂದೂಕು ಎತ್ತಿದರು. ಆಚೆ ದಂಡೆಯಿಂದ ಹೆಡ್‌ಮಾಸ್ತರ ಹೊಡೆದ ನೋಡಿ — ಮೂವರೂ ಅಡಗಿದರು. ಹನ್ನೆರಡು ಮಶಾಕನದು. ಎಡಗೈ. ಹೊಳೆಯಪ್ಪ ಓಡಿದ. ದಾಟಿದ. ಸೇತುವೆ ಹಾರಿತು.

ಪರದೆಯ ಮೇಲೆ ಎಂಟು ಹೆಸರು. ಒಂದೂ ಕೆಂಪಿಲ್ಲ. ಹೊಳೆಯಪ್ಪನ ಹೆಸರು ಎಲ್ಲರ ಕೊನೆಗೆ, ಹಸಿರು. ಬಂಗಾರದ ಪದಕ ತಿರುಗುತ್ತ ಬಂತು.

“ಗೆದ್ದವರ ಹೆಸರು ಕೇಳಾಕತ್ತೈತ್ರಿ ಅಪ್ಪಾ” ಎಂದಳು ಪಕ್ಕದಲ್ಲಿ ಕೂತಿದ್ದ ಐಶ್ವರ್ಯ.

“ಮಶಾಕಸಾಬ ಅಂತ ಹಾಕು.”

ಅವನು ತಲೆ ಅಲ್ಲಾಡಿಸಿ ನನ್ನ ಎದೆಗೆ ಬೆರಳು ಚುಚ್ಚಿದ. ನಾನು ಅವನ ಎದೆಗೆ ಚುಚ್ಚಿದೆ. ಕೊನೆಗೆ ಅವಳೇ ಇಬ್ಬರದೂ ಹಾಕಿದಳು. ಅವನದು ಮೊದಲು.

ನಲವತ್ತು ವರ್ಷದ ಗೆಳೆಯ. ಅವನ ಬಗ್ಗೆ ಇಷ್ಟು ಹೆಮ್ಮೆ ಯಾವತ್ತೂ ಪಟ್ಟಿರಲಿಲ್ಲ. ಪಟ್ಟಿದ್ದರೂ ಹೇಳಿರಲಿಲ್ಲ. ಇವತ್ತು ಎಲ್ಲರ ಮುಂದೆ ಹೇಳಿದೆ. ಅಳುತ್ತ ಹೇಳಿದೆ, ಹೇಳಿದ್ದು ಹೇಳಿದ್ದೇ.

೨೫ ಡಿಸೆಂಬರ್

ಕ್ಷೌರದಂಗಡಿ, ಹಾಲಿನ ಡೇರಿ, ಬಸ್‌ಸ್ಟ್ಯಾಂಡು, ಪಂಚಾಯಿತಿ ಕಟ್ಟೆ. ಎಲ್ಲ ಕಡೆಗೂ ಹೇಳಿಯಾಯಿತು. ‘ಸಾವಿರಕ್ಕೆ ನಾಲ್ಕು ಜನ. ಅದರಾಗ ನಮ್ಮ ಮಶಾಕ ಮಾಸ್ತರ!’ ಯಾರಿಗೂ ಪೂರ್ತಿ ತಿಳಿದಿಲ್ಲ. ಹಳೆಯ ವಿದ್ಯಾರ್ಥಿಗಳು ಮಾತ್ರ ಅವನನ್ನು ನೋಡಬೇಕು ಎನ್ನುತ್ತಿದ್ದಾರೆ. ಇದನ್ನೂ ಅವನಿಗೆ ಹೇಳಿದೆ. ಕಣ್ಣು ಮುಚ್ಚಲಿಲ್ಲ. ಬಾಗಿಲ ಕಡೆ ನೋಡಿದ.

೨ ಜನವರಿ ೨೦೨೬, ಶುಕ್ರವಾರ. ಬೆಳಿಗ್ಗೆ ೮

ಗುಳಿಗೆ ಆಯಿತು. ವಾಕಿಂಗ್ ಇಲ್ಲ, ಮೊಣಕಾಲು ಹಿಡಿದಿದೆ. ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು ಬರೆಯುತ್ತಿದ್ದೇನೆ. ಮಶಾಕ ಕಾಯುತ್ತಿರಬಹುದು. ಹತ್ತಕ್ಕೆ ಹೇಗಾದರೂ ಹೋಗಬೇಕು. ರೇಣುಕವ್ವ ಬೇಡ ಎನ್ನುತ್ತಿದ್ದಾಳೆ —

ಓಣಿಯ ತುದಿಯಲ್ಲಿ ಯಾರೋ ಕೋಲು ಊರಿಕೊಂಡು ಬರುತ್ತಿದ್ದಾರೆ. ಹಾಲಿನವನು ಸೈಕಲ್ ಇಳಿದು ದಾರಿ ಬಿಟ್ಟ. ಬಿಳಿ ಡ್ರಿಲ್ ಪ್ಯಾಂಟು. ಕೊರಳಲ್ಲಿ ಸೀಟಿ.

ಮುಖಕ್ಕೆ ಟವೆಲ್ ಇಲ್ಲ.

ವೈನಿ ಹತ್ತು ಹೆಜ್ಜೆ ಹಿಂದೆ, ಕೈ ಹಿಡಿದಿಲ್ಲ. ಅವರ ಹಿಂದೆ ಓಣಿಯ ಮಂದಿ, ಯಾರೂ ಅವನನ್ನು ದಾಟುತ್ತಿಲ್ಲ. ನಿಧಾನದವನು ಎಲ್ಲರಿಗಿಂತ ಮುಂದೆ.

ಬಂದ. ಕೋಲಿನಿಂದ ನನ್ನ ಕಟ್ಟೆಗೆ ಎರಡು ಸಲ ಬಡಿದ. ಬಾಯಿ ತೆರೆಯುತ್ತಿದ್ದಾನೆ. “ಪಾ... ಪಾ...” ಹೇಳ್ಲೇ, ಹೇಳು, ನಾನು ಬರೆದುಕೊಳ್ಳು—